ಹೊಗೆ ಇಲ್ಲದ ಬೆಂಕಿ

ಡಿಸೆಂಬರ್ ಬಂತೆಂದರೆ ಸಾಕು, ಫೋನಿನಲ್ಲಿ ಒಂದು ಜಾತಿಯ ಜಾಹೀರಾತು ಶುರುವಾಗುತ್ತದೆ. ಬಿಳಿ ಗೋಡೆ, ಬೂದು ಬಣ್ಣದ ಸೋಫಾ, ಟೀಪಾಯಿ ಮೇಲೆ ಎರಡು ಗಾಜುಗಳ ನಡುವೆ ಪುಟ್ಟ ಬೆಂಕಿ. ಪಕ್ಕದಲ್ಲಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕಾಫಿ ಮಗ್ ಹಿಡಿದು ಕೂತ ಹುಡುಗಿ. ಚಿಮಣಿ ಬೇಡ, ಹೊಗೆ ಇಲ್ಲ, ಬೂದಿ ಇಲ್ಲ ಅಂತ ಕೆಳಗೆ ಬರೆದಿರುತ್ತದೆ. ಇದರ ಹೆಸರು ವೆಂಟ್‌ಲೆಸ್ ಜೆಲ್ ಫೈರ್‌ಪ್ಲೇಸ್. ಕನ್ನಡದಲ್ಲಿ ಹೊಗೆಗಂಡಿ ಇಲ್ಲದ ಅಗ್ಗಿಷ್ಟಿಕೆ ಅನ್ನಬಹುದು. ಹಾಗೆ ಅಂದರೆ ಯಾರೂ ಕೊಳ್ಳುವುದಿಲ್ಲ, ಅದು ಬೇರೆ ಮಾತು.

ಬೆಂಗಳೂರಿನಂಥ ಊರಿಗೆ ಇದು ಯಾಕೆ ಅಂತ ಕೇಳಬೇಡಿ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ಅಲ್ಲಿಂದ ಇಲ್ಲಿಯವರೆಗೆ ನಾವು ಸ್ವೆಟರ್, ಮಂಕಿ ಕ್ಯಾಪ್, ಬಿಸಿ ಬಿಸಿ ಬಜ್ಜಿಯಲ್ಲೇ ಸುಧಾರಿಸಿಕೊಂಡಿದ್ದೇವೆ. ಕಂಟೋನ್ಮೆಂಟಿನ ಹಳೇ ಬಂಗಲೆಗಳಲ್ಲಿ ನಿಜವಾದ ಅಗ್ಗಿಷ್ಟಿಕೆ ಇದ್ದವು, ನಿಜ. ಆದರೆ ಅವಕ್ಕೆಲ್ಲ ಚಿಮಣಿ ಇತ್ತು. ಬ್ರಿಟಿಷರಿಗೆ ಚಳಿಯ ಬಗ್ಗೆ ಎಷ್ಟು ಗೊತ್ತಿತ್ತೋ ಹೊಗೆಯ ಬಗ್ಗೆಯೂ ಅಷ್ಟೇ ಗೊತ್ತಿತ್ತು.

ನನಗೆ ಈ ವಿಷಯದ ಮೇಲೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ, ನಮ್ಮ ಫ್ಲಾಟಿನ ಗೃಹಪ್ರವೇಶಕ್ಕೆ ಆಫೀಸಿನ ಗೆಳೆಯರು ಸೇರಿ ಇಂಥದ್ದೇ ಒಂದನ್ನು ಉಡುಗೊರೆ ಕೊಟ್ಟರು. ಕಪ್ಪು ಲೋಹದ ಪೆಟ್ಟಿಗೆ, ಒಳಗೆ ಬಿಳಿ ಕಲ್ಲುಗಳು, ಜೊತೆಗೆ ಜೆಲ್ ತುಂಬಿದ ಆರು ಡಬ್ಬಿ. ಅದೇ ವಾರ ಸುಳ್ಯದಿಂದ ಅಮ್ಮ ಬಂದರು. ಗೃಹಪ್ರವೇಶಕ್ಕೂ ಹೌದು, ಶ್ವಾಸಕೋಶದ ಡಾಕ್ಟರಿಗೆ ತೋರಿಸುವುದಕ್ಕೂ ಹೌದು.

ಅಮ್ಮ ಆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಇದರಲ್ಲಿ ಎಂತ ಕಾಯಿಸುವುದು ಮಗಾ?"

ಏನೂ ಕಾಯಿಸುವುದಲ್ಲ, ಸುಮ್ಮನೆ ನೋಡುವುದು ಅಂದೆ. ಅಮ್ಮ ನನ್ನ ಹೆಂಡತಿಯ ಮುಖ ನೋಡಿದರು. ಅವಳು ಮೈಸೂರಿನವಳು, ನಕ್ಕಳು. "ಚೆನ್ನಾಗ್ ಕಾಣುತ್ತೆ ಅತ್ತೆ, ಅಷ್ಟೇ" ಅಂದಳು. ಅಮ್ಮ "ಹಾಂ, ಚಂದ ಉಂಟು" ಅಂದರು. ನಮ್ಮ ಕಡೆ ಚಂದ ಉಂಟು ಅನ್ನುವುದಕ್ಕೆ ನಾಲ್ಕೈದು ಅರ್ಥ ಉಂಟು.

ಅಮ್ಮನ ಪ್ರಶ್ನೆಯಲ್ಲಿ ಏನೂ ವ್ಯಂಗ್ಯ ಇರಲಿಲ್ಲ. ಸುಳ್ಯದಲ್ಲಿ ಬೆಂಕಿ ಅಂದರೆ ಮೈ ಬೆಚ್ಚಗೆ ಮಾಡಿಕೊಳ್ಳುವ ವಸ್ತು ಅಲ್ಲವೇ ಅಲ್ಲ. ನಮ್ಮಲ್ಲಿ ಚಳಿ ಎಲ್ಲಿದೆ? ಇರುವುದು ಒದ್ದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಚಾಪೆ, ಶಾಲೆಯ ಪುಸ್ತಕ, ಬೆಲ್ಲದ ಡಬ್ಬಿ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ. ಬೆಂಕಿ ಇದ್ದದ್ದು ಇದರ ವಿರುದ್ಧ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಬೀಜದ ಭತ್ತದ ಮುಡಿ, ಮುಂದಿನ ವರ್ಷಕ್ಕೆ ಎತ್ತಿಟ್ಟ ತರಕಾರಿ ಬೀಜದ ಗಂಟು, ಒಣಗದೆ ಉಳಿದ ಕಾಳುಮೆಣಸು, ಪುನರ್ಪುಳಿ ಸಿಪ್ಪೆ, ಜಾಯಿಕಾಯಿ. ತೆರೆದ ಮಾಡಿನ ಅಡ್ಡಕ್ಕೆ ಬಾಳೆನಾರಿನಲ್ಲಿ ಕಟ್ಟಿ ನೇತು ಹಾಕಿದ ಸೌತೆಕಾಯಿಗಳು. ಹೊಗೆ ತಾಗಿದ ಬೀಜಕ್ಕೆ ಹುಳ ಬೀಳುವುದಿಲ್ಲ, ಹೊಗೆ ಕುಡಿದ ಬಿದಿರು ಬೇಗ ಕುಟ್ಟೆ ಹಿಡಿಯುವುದಿಲ್ಲ. ಅನ್ನ ಬೇಯಿಸುವುದು ಆ ಬೆಂಕಿಯ ಹತ್ತು ಕೆಲಸಗಳಲ್ಲಿ ಒಂದು, ಅಷ್ಟೆ.

ಇನ್ನು ರಬ್ಬರ್. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಟ್ಟ ಸರ್ಕಾರಿ ರಬ್ಬರ್ ತೋಟಗಳು ಸುಳ್ಯ, ಪುತ್ತೂರು ಸೀಮೆಯಲ್ಲಿವೆ. ಈಗ ನಮ್ಮಂಥ ಸಣ್ಣವರ ಗುಡ್ಡದಲ್ಲೂ ರಬ್ಬರ್ ಉಂಟು. ಬೆಳಿಗ್ಗೆ ಟ್ಯಾಪಿಂಗ್ ಮಾಡಿದ ಹಾಲಿಗೆ ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ ಶೀಟ್ ಮಾಡಿ, ಹೊಗೆಮನೆಯಲ್ಲಿ ಗಳಗಳ ಮೇಲೆ ಸಾಲಾಗಿ ಹಾಕುತ್ತಾರೆ. ಮೂರು ನಾಲ್ಕು ದಿನ ಹದವಾದ ಬಿಸಿ, ಹದವಾದ ಹೊಗೆ. ಆಗ ಬಿಳಿ ಶೀಟು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮಾರುಕಟ್ಟೆಯಲ್ಲಿ ಆರ್‌ಎಸ್‌ಎಸ್-4 ಅಂತ ರೇಟು ಬರುತ್ತದಲ್ಲ, ಅದರಲ್ಲಿ ನಡುವಿನ ಎಸ್ ಅಂದರೆ ಸ್ಮೋಕ್ಡ್. ಹೊಗೆ ಹಾಕಿದ್ದು ಅಂತಲೇ ದರ್ಜೆ.

ಆ ಹೊಗೆಮನೆಯನ್ನು ಕಟ್ಟುವ ಕ್ರಮ ನೋಡಬೇಕು. ಬೆಂಕಿಗೆ ಸೌದೆ ತಳ್ಳುವುದು ಹೊರಗಿನಿಂದ. ಮೇಲೆ ಮಾಡಿನ ಹತ್ತಿರ ಗಾಳಿಕಿಂಡಿ, ಅದಕ್ಕೆ ತೆರೆದು ಮುಚ್ಚುವ ಹಲಗೆ. ಮೊದಲ ದಿನ ಶೀಟಿನಲ್ಲಿ ನೀರಿರುತ್ತದೆ, ಕಿಂಡಿ ಪೂರ್ತಿ ತೆರೆಯಬೇಕು. ಆಮೇಲೆ ಸ್ವಲ್ಪ ಸ್ವಲ್ಪ ಮುಚ್ಚಬೇಕು. ಅಪ್ಪನಿಗೆ ಇದೆಲ್ಲ ಬೆರಳ ತುದಿಯಲ್ಲಿದೆ. ಕಿಲೋ ಲೆಕ್ಕದಲ್ಲಿ ಮಾರುವ ರಬ್ಬರ್ ಶೀಟಿಗೆ ಇಷ್ಟೆಲ್ಲ ಗಾಳಿಯ ಉಪಚಾರ ಮಾಡಿದ ನಮ್ಮ ಕಡೆಯವರು ಅಡುಗೆಮನೆಗೆ ಬಂದಾಗ ಮಾತ್ರ ಯಾಕೋ ಮರೆತುಬಿಟ್ಟರು. ಹೊಗೆಮನೆಯ ಹಲಗೆ ಗಂಡಸರ ಕೈಯಲ್ಲಿತ್ತು ಅನ್ನುವುದು ನನ್ನ ಹೆಂಡತಿ ಕೊಟ್ಟ ಕಾರಣ. ನನಗೂ ಅದಕ್ಕಿಂತ ಒಳ್ಳೆಯದು ಹೊಳೆದಿಲ್ಲ.

ಹಳೇ ಮನೆಯಲ್ಲಿ ಈ ಮರೆವಿನ ಬೆಲೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಮಂಗಳೂರು ಹಂಚೇ ಕಾರಣ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಮನೆಗಳು ಒಂದೊಂದಾಗಿ ಹುಲ್ಲಿನಿಂದ ಹಂಚಿಗೆ ಬಂದವು. ಹಂಚಿನ ಮಾಡಿಗೆ ಚಿಮಣಿ ಇಲ್ಲ, ಆದರೆ ಒಂದು ಹಂಚಿಗೂ ಇನ್ನೊಂದಕ್ಕೂ ನಡುವೆ ಸಂದಿ ಇದೆ. ಮಳೆನೀರು ಒಳಗೆ ಬಾರದಂತೆ, ಹೊಗೆ ಹೊರಗೆ ಹೋಗುವಂತೆ. ಬೆಳಿಗ್ಗೆ ಗುಡ್ಡದಿಂದ ಕೆಳಗೆ ನೋಡಿದರೆ ಪ್ರತಿ ಮನೆಯ ಮಾಡೂ ಹೊಗೆಯಾಡುತ್ತಿತ್ತು. ಒಂದು ಕಡೆಯಿಂದಲ್ಲ, ಇಡೀ ಮಾಡಿನಿಂದ. ಅಡುಗೆಮನೆಯ ಗಾಜಿನ ಹಂಚಿನಿಂದ ಬೀಳುವ ಬಿಸಿಲುಕೋಲಿನಲ್ಲಿ ಹೊಗೆ ಸುತ್ತುತ್ತಾ ಮೇಲೇರುವುದನ್ನು ನೋಡುತ್ತಾ ನಾನು ಗಂಜಿ ಉಂಡದ್ದಿದೆ. ಹಾಗಂತ ಅದು ಆರೋಗ್ಯಕರ ಅಂತ ನಾನು ಹೇಳುವುದಿಲ್ಲ. ಅಜ್ಜಿಯ ಕಣ್ಣು ಯಾವತ್ತೂ ಕೆಂಪಗೆ ಇರುತ್ತಿತ್ತು. ಆದರೆ ಮನೆ ಉಸಿರಾಡುತ್ತಿತ್ತು.

ನಾನು ಪಿಯುಸಿಯಲ್ಲಿದ್ದಾಗ ಅಡಿಕೆಗೆ ಒಳ್ಳೆ ರೇಟು ಬಂದ ಒಂದು ವರ್ಷ ಹಳೇ ಮನೆ ತೆಗೆದು ತಾರಸಿ ಮನೆ ಕಟ್ಟಿದೆವು. ಮೊಸಾಯಿಕ್ ನೆಲ, ಕಾಂಕ್ರೀಟ್ ಸ್ಲ್ಯಾಬ್. ಊರವರೆಲ್ಲ ಬಂದು ನೋಡಿ ಹೊಗಳಿದ ಮನೆ. ಒಲೆ ಮಾತ್ರ ಅದೇ ಸೌದೆ ಒಲೆ, ಹೊಸ ಅಡುಗೆಮನೆಯ ಮೂಲೆಗೆ ಬಂತು. ಸಿಲಿಂಡರ್ ಇತ್ತು, ಅದು ಚಹಾಕ್ಕೆ ಮತ್ತು ನೆಂಟರಿಗೆ. ತೋಟದಲ್ಲಿ ಮಡಲು, ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ ರಾಶಿ ಬಿದ್ದಿರುವಾಗ ಕುಚ್ಚಲಕ್ಕಿ ಬೇಯಿಸಲಿಕ್ಕೆ ಯಾರು ಗ್ಯಾಸ್ ಸುಡುತ್ತಾರೆ ಮಾರಾಯ್ರೆ? ಮಾಡು ಬದಲಾಯಿತು, ಬೆಂಕಿ ಬದಲಾಗಲಿಲ್ಲ. ಸ್ಲ್ಯಾಬಿಗೆ ಸಂದಿ ಇಲ್ಲ. ಎಕ್ಸಾಸ್ಟ್ ಫ್ಯಾನಿಗೆ ಅಂತ ಬಿಟ್ಟ ದುಂಡನೆಯ ತೂತಿನಲ್ಲಿ ಫ್ಯಾನ್ ಕೂತದ್ದು ಎರಡು ವರ್ಷದ ನಂತರ. ಅಲ್ಲಿಯವರೆಗೆ ಮಳೆ ಎರಚುತ್ತದೆಂದು ಅದಕ್ಕೆ ಅಡಿಕೆ ಹಾಳೆ ಮುಚ್ಚಿದ್ದರು. ಅಮ್ಮನ ಕೆಮ್ಮು ಶುರುವಾದದ್ದು ಆ ಮಳೆಗಾಲಗಳಲ್ಲಿ.

ಬೆಂಗಳೂರಿನ ಡಾಕ್ಟರು ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ಸಿಗರೇಟು, ಬೀಡಿ ಏನಾದ್ರೂ?" ಅಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಎರಡನೇ ಪ್ರಶ್ನೆ ಒಲೆಯದ್ದು. ಸಿಒಪಿಡಿ ಅಂತ ಬರೆದರು. ಶ್ವಾಸನಾಳ ಸಣ್ಣಗಾಗಿ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದ ಕಾಯಿಲೆ. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಅಂದಾಜು 32 ಲಕ್ಷ ಜನ ಸತ್ತರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ದೊಡ್ಡ ಸಂಖ್ಯೆ ಓದಿದರೆ ನನಗೆ ಏನೂ ಅನ್ನಿಸುವುದಿಲ್ಲ. ಇನ್‌ಹೇಲರ್ ಒತ್ತುವುದನ್ನು ಐದು ವರ್ಷದ ಮೊಮ್ಮಗಳ ಹತ್ತಿರ ಅಮ್ಮ ಕಲಿಯುತ್ತಿದ್ದದ್ದು ನೋಡಿದಾಗ ಅನ್ನಿಸಿತು.

ಪರಿಹಾರ ಇರಲಿಲ್ಲ ಅಂತಲ್ಲ. ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ ಅಸ್ತ್ರ ಅನ್ನುವ ಕೇಂದ್ರ ಹಳ್ಳಿಗಳಿಗಾಗಿ ಒಲೆಯೊಂದನ್ನು ರೂಪಿಸಿತು. ಅಸ್ತ್ರ ಒಲೆ. ಒಂದೇ ಬೆಂಕಿಗೆ ಮೂರು ಪಾತ್ರೆ, ಹಿಂದೆ ಹೊಗೆ ಹೋಗಲು ಕೊಳವೆ. ಕಡಿಮೆ ಸೌದೆ, ಒಳಗೆ ಹೊಗೆಯೇ ಇಲ್ಲ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇತ್ತು. ನಾಲ್ಕೈದು ವರ್ಷ ಬಂತು. ಆಮೇಲೆ ಕೊಳವೆಯಲ್ಲಿ ಮಸಿ ಕಟ್ಟಿತು, ಅದನ್ನು ತೆಗೆಯಲು ಮಾಡಿಗೆ ಹತ್ತುವವರು ಸಿಗಲಿಲ್ಲ. ಜೊತೆಗೆ ಅದರ ಬಾಯಿ ಸಣ್ಣದು. ಸೌದೆ ಸೀಳಿ ಹಾಕಬೇಕು. ನಮ್ಮ ಕಡೆಯವರಿಗೋ ಆರಡಿ ಉದ್ದದ ಮಡಲನ್ನು ಹಾಗೇ ಒಲೆಗೆ ತುರುಕಿ, ಹಸುವಿಗೆ ಹುಲ್ಲು ಹಾಕಿ ಬಂದು, ಮತ್ತೊಂದಿಷ್ಟು ಮುಂದೆ ದೂಡುವ ಅಭ್ಯಾಸ. ಹತ್ತು ಕೆಲಸದ ನಡುವೆ ಅಡುಗೆ ಮಾಡುವವಳಿಗೆ ಸೌದೆ ಸೀಳುವುದು ಹನ್ನೊಂದನೇ ಕೆಲಸ. ಒಳ್ಳೆಯ ಸಾಫ್ಟ್‌ವೇರ್ ಯಾಕೆ ಬಿದ್ದುಹೋಗುತ್ತದೆ ಅಂತ ಯಾರಾದರೂ ಜೂನಿಯರ್ ಕೇಳಿದರೆ ನಾನು ಚಿಕ್ಕಮ್ಮನ ಒಲೆಯ ಕತೆ ಹೇಳುತ್ತೇನೆ.

ಈಗ ಕಪ್ಪು ಪೆಟ್ಟಿಗೆಗೆ ಬರೋಣ. ಜೆಲ್ ಅಂದರೆ ಗಟ್ಟಿ ಮಾಡಿದ ಆಲ್ಕೋಹಾಲ್, ಇಥನಾಲ್ ಅಥವಾ ಐಸೊಪ್ರೊಪೈಲ್. 2020ರಲ್ಲಿ ದಿನಕ್ಕೆ ಇಪ್ಪತ್ತು ಸಲ ಕೈಗೆ ಉಜ್ಜಿಕೊಂಡ ಸ್ಯಾನಿಟೈಸರ್‌ನ ಹತ್ತಿರದ ಸಂಬಂಧಿ. ಮದುವೆ ಬಫೆಯಲ್ಲಿ ಪಲಾವಿನ ಪಾತ್ರೆಯ ಕೆಳಗೆ ನೀಲಿಯಾಗಿ ಉರಿಯುವ ಪುಟ್ಟ ಡಬ್ಬಿ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ಹೊಗೆ ಇಲ್ಲ ಅನ್ನುವುದು ಸುಳ್ಳಲ್ಲ. ಆಲ್ಕೋಹಾಲ್ ಚೆನ್ನಾಗಿ ಉರಿದರೆ ಮಸಿ ಬರುವುದಿಲ್ಲ, ಬರುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಜಾಹೀರಾತಿನವರು ಕಾಣದ್ದನ್ನು ಇಲ್ಲ ಅಂತ ಮಾರುತ್ತಾರೆ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ಒಂದು ಕೋಣೆ ಹತ್ತಡಿ, ಹನ್ನೆರಡಡಿ, ಎತ್ತರ ಹತ್ತಡಿ. ಸುಮಾರು 34 ಘನ ಮೀಟರ್ ಗಾಳಿ. ಅರ್ಧ ಲೀಟರ್ ಇಂಧನ ಉರಿಸಿದೆವು ಅಂದುಕೊಳ್ಳಿ, ಅದನ್ನು ಶುದ್ಧ ಇಥನಾಲ್ ಅಂತಲೇ ಹಿಡಿಯೋಣ. ಅದರಿಂದ ಮುಕ್ಕಾಲು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಗಾಳಿ ಒಂದು ಚೂರೂ ಆಡದಿದ್ದರೆ ಕೋಣೆಯಲ್ಲಿ ಅದರ ಪ್ರಮಾಣ 12,000 ಪಿಪಿಎಂ ದಾಟುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಅಮೆರಿಕದಲ್ಲಿ ಎಂಟು ಗಂಟೆ ಕೆಲಸ ಮಾಡುವವರಿಗೆ ಹಾಕಿರುವ ಮಿತಿ 5,000. ಜೊತೆಗೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರೂ ಹುಟ್ಟುತ್ತದೆ. ಸುರಿದಷ್ಟು ಇಂಧನ ನೀರಾಗಿ ಗೋಡೆಗೆ ಹೋಗಿ ಕೂರುತ್ತದೆ. ಒದ್ದೆ ಓಡಿಸಲಿಕ್ಕೆ ಬೆಂಕಿ ಹಾಕುತ್ತಿದ್ದ ಊರಿನಿಂದ ಬಂದವನಿಗೆ ಇದು ತಮಾಷೆಯಾಗಿ ಕಂಡಿತು. ಸಿಗುವ ಶಾಖವಾದರೂ ಎಷ್ಟು? ಕರೆಂಟಿನ ಮೂರು ಯೂನಿಟ್‌ನಷ್ಟು.

ಯಾವ ಕೋಣೆಯೂ ಪೂರ್ತಿ ಬಿಗಿಯಾಗಿರುವುದಿಲ್ಲ, ಹಾಗಾಗಿ ನಿಜದಲ್ಲಿ ಅಂಕಿ ಇದಕ್ಕಿಂತ ಕಡಿಮೆ ಬರುತ್ತದೆ. ಗಟ್ಟಿಮುಟ್ಟಾದವರಿಗೆ ಆದರೆ ತಲೆಭಾರ, ತೂಕಡಿಕೆ, ಅಷ್ಟರಲ್ಲಿ ಮುಗಿಯಬಹುದು. ಆದರೆ ಹೊಸ ಫ್ಲಾಟುಗಳ ಯುಪಿವಿಸಿ ಕಿಟಕಿ ಮಾಡುವುದೇ ಟ್ರಾಫಿಕ್ ಸದ್ದು ಒಳಗೆ ಬಾರದ ಹಾಗೆ. ಸದ್ದು ಬಾರದ ಕಡೆ ಗಾಳಿಯೂ ಬರುವುದಿಲ್ಲ. ಚಳಿಗೆ ಅಂತ ಬೆಂಕಿ ಹಚ್ಚುವವರು ಕಿಟಕಿ ತೆರೆದಿಟ್ಟು ಕೂರುತ್ತಾರೆಯೇ? ಉಸಿರು ಹೊರಹಾಕಲು ಕಷ್ಟಪಡುವ ಶ್ವಾಸಕೋಶವೊಂದು ಆ ಕೋಣೆಯಲ್ಲಿ ಮಲಗಿದ್ದರೆ ಲೆಕ್ಕವೇ ಬೇರೆ.

ಆಮ್ಲಜನಕ ಕಡಿಮೆಯಾಗುತ್ತಾ ಹೋದರೆ ಬೆಂಕಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆಂಗಳೂರಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಯನ್ನು ನಾವೆಲ್ಲ ಎಷ್ಟು ಸಲ ಓದಿಲ್ಲ? ಅದೂ ನೀಲಿ ಜ್ವಾಲೆಯೇ. ಅಲ್ಲೂ ಹೊಗೆ ಇರಲಿಲ್ಲ. ಹೊಗೆ ಇದ್ದಿದ್ದರೆ ಕೆಮ್ಮಿಕೊಂಡಾದರೂ ಬಾಗಿಲು ತೆರೆಯುತ್ತಿದ್ದರು. ಅಜ್ಜಿಯ ಅಡುಗೆಮನೆಯಲ್ಲಿ ಹೊಗೆ ಜಾಸ್ತಿಯಾದರೆ ಅಜ್ಜಿ ಊದುಗೊಳವೆ ಬಿಸಾಕಿ ಜಗಲಿಗೆ ಬರುತ್ತಿದ್ದರು, ನಮ್ಮನ್ನೂ ಎಳೆದುಕೊಂಡು.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ಆಲ್ಕೋಹಾಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣುವುದೇ ಕಷ್ಟ. ಆರಿದೆ ಅಂದುಕೊಂಡು ಮೇಲಿಂದ ಜೆಲ್ ಸುರಿದರೆ ಆವಿ ಹತ್ತಿಕೊಂಡು ಬೆಂಕಿ ಬಾಟಲಿಗೇ ನುಗ್ಗುತ್ತದೆ, ಜೆಲ್ ಸುತ್ತಲಿದ್ದವರ ಮೇಲೆ ಸಿಡಿಯುತ್ತದೆ. ಜೆಲ್ ಅಂಟು, ಮೈಗೆ ಮೆತ್ತಿಕೊಂಡೇ ಉರಿಯುತ್ತದೆ. ಅಮೆರಿಕದಲ್ಲಿ 2011ರ ಸೆಪ್ಟೆಂಬರಿನಲ್ಲಿ ಗ್ರಾಹಕ ಸುರಕ್ಷತಾ ಆಯೋಗ ಇಂಥ ಸುರಿಯುವ ಜೆಲ್ ಮಾರುತ್ತಿದ್ದ ಒಂಬತ್ತು ಕಂಪನಿಗಳ ಸರಕನ್ನು ವಾಪಸು ತೆಗೆಸಿತು. ಆ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕಿದ್ದು 65 ಅವಘಡ, ಎರಡು ಸಾವು, ಆಸ್ಪತ್ರೆ ಸೇರಿದವರು 34. ನಮಗೆ ಬಂದಿರುವಂಥ ಮುಚ್ಚಿದ ಡಬ್ಬಿ ಇದಕ್ಕಿಂತ ಮೇಲು, ಅದಕ್ಕೆ ಸುರಿಯುವ ಕೆಲಸವಿಲ್ಲ. ಮುಚ್ಚಳ ಹಾಕಿ ಆರಿಸಬೇಕು, ಪೂರ್ತಿ ತಣಿದ ಮೇಲೆ ಬೇರೆ ಡಬ್ಬಿ ಇಡಬೇಕು. ಮನೆಯಲ್ಲಿ ಯಾರಾದರೂ ಇದನ್ನು ಇಟ್ಟುಕೊಂಡೇ ಇಟ್ಟುಕೊಳ್ಳುತ್ತೀರಿ ಅಂತಾದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಮೊದಲು ತನ್ನಿ, ಕಿಟಕಿ ನಾಲ್ಕು ಬೆರಳು ತೆರೆದಿಡಿ, ಅದರ ಎದುರು ನಿದ್ದೆ ಹೋಗಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಹೆಂಡತಿ ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತು, "ಸರಿ ರೀ, ಆದ್ರೆ ಬೆಂಕಿ ನೋಡೋ ಆಸೆ ತಪ್ಪಾ?" ಅಂದಳು. ತಪ್ಪಲ್ಲ. ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ನೋಡುವವರಿಗೆ ತನ್ನಷ್ಟಕ್ಕೆ ಅಲ್ಲಾಡುವ ಒಂದು ಬೆಳಕು ಬೇಕೆನ್ನಿಸುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹಾಗಾಗಿ ಒಂದು ಶನಿವಾರ ರಾತ್ರಿ ಪೆಟ್ಟಿಗೆಯನ್ನು ತೆರೆದ ಬಾಲ್ಕನಿಯಲ್ಲಿಟ್ಟು ಹಚ್ಚಿದೆವು. ಮಗಳನ್ನು ಹೆಂಡತಿ ಹಿಡಿದುಕೊಂಡಿದ್ದಳು. ಅಮ್ಮ ಗಾಳಿಗೆ ಬೆನ್ನು ಕೊಟ್ಟು ದೂರದ ಕುರ್ಚಿಯಲ್ಲಿ ಕೂತು ತುಂಬ ಹೊತ್ತು ನೋಡಿದರು. ಆಮೇಲೆ, ಹಲಸಿನ ಬೀಜ ಸುಡಲಿಕ್ಕೆ ಇದರಲ್ಲಿ ಕೆಂಡ ಆಗುವುದಿಲ್ಲವಲ್ಲ ಅಂದರು. ಆಗುವುದಿಲ್ಲ. ಉಳಿದ ಐದು ಡಬ್ಬಿ ಸ್ಟೋರ್ ರೂಮಿನ ಮೇಲಿನ ಖಾನೆಯಲ್ಲಿವೆ.

ಅಮ್ಮ ಬೆಂಗಳೂರಿನಲ್ಲೇ ಉಳಿಯಬೇಕೆಂದು ನನಗೆ ಆಸೆ. ಅವರು ಉಳಿಯುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ ಇಲ್ಲಿ ಏಳನೇ ಮಹಡಿಯಲ್ಲಿ ಕೂತು ಎಂತ ಮಾಡುವುದು ಅನ್ನುತ್ತಾರೆ. ಅಡುಗೆ ಪೂರ್ತಿ ಗ್ಯಾಸಿಗೆ ಬಂದು ಈಗ ಕೆಲವು ವರ್ಷ ಆಯಿತು. ಉಳಿದಿರುವುದು ಬಚ್ಚಲುಮನೆ. ಸೋಲಾರ್ ಮಳೆಗಾಲದಲ್ಲಿ ಕೆಲಸಕ್ಕೆ ಬಾರದು, ಗೀಸರಿಗೆ ಬೇಕಾದ ಹೊತ್ತಲ್ಲಿ ಕರೆಂಟಿಲ್ಲ, ಅಪ್ಪನಿಗೆ ಹಂಡೆನೀರು ಬಿಟ್ಟು ಬೇರೆ ನೀರು ಮೈಗೆ ಹತ್ತುವುದಿಲ್ಲ. ಒಲೆಗೆ ಬೆಳಿಗ್ಗೆ ಬೆಂಕಿ ಹಾಕುವುದು ಅಮ್ಮ. ಬಚ್ಚಲಿಗೂ ಅದೇ ಸ್ಲ್ಯಾಬ್, ಬಾಗಿಲು ತೆರೆಯುವುದು ಅಡುಗೆಮನೆಯ ಕಡೆಗೆ. ಡಾಕ್ಟರು ಹೊಗೆ ಕೂಡದು ಅಂದದ್ದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಒಲೆಯ ಬಾಯಿಯನ್ನು ಹೊರಗೆ ತಿರುಗಿಸಿದರೆ ಆಗ್ತದಾ ಅಂತ ಕೇಳಿದರು. ಹೊಗೆಮನೆಗೆ ಮಾಡಿದ ಹಾಗೆ.

ಆಗ್ತದೆ. ಗೋಡೆ ಒಡೆದು ಸೌದೆ ಹಾಕುವ ಬಾಯಿ ಹಿತ್ತಲಿಗೆ, ಹಂಡೆ ಒಳಗೆ, ಹೊಗೆಗೆ ಸ್ಲ್ಯಾಬಿನ ಮೇಲೆ ಮೂರಡಿ ಹೋಗುವ ಪೈಪು. ಮಸಿ ತೆಗೆಯಲು ಪೈಪಿನ ಬುಡದಲ್ಲಿ ಒಂದು ಮುಚ್ಚಳ ಇಡಬೇಕೆಂದು ನಾನು ಹೇಳಿದ್ದೇನೆ, ಚಿಕ್ಕಮ್ಮನ ಒಲೆ ನೆನಪಿಟ್ಟುಕೊಂಡು. ಪೈಪು ಆರು ಇಂಚಿನದ್ದು ಸಾಕು ಅನ್ನುತ್ತಾರೆ ಮೇಸ್ತ್ರಿ, ಎಂಟು ಇಂಚು ಬೇಕೇ ಬೇಕು ಅನ್ನುತ್ತಾರೆ ಅಪ್ಪ. ಹೆಂಡತಿ ಎಂಟರ ಪರ. ಮೇ ತಿಂಗಳ ಒಳಗೆ ಮುಗಿಯಬೇಕು, ಆಮೇಲೆ ಮಳೆ.